ಎಡಗಾಲಿನ ಪ್ರವಾಸ

ನಮ್ಮೂರು ಮಾಸ್ತಿ ಎಂದ ತಕ್ಷಣ ಮಸ್ಕತ್ತಿನ ಕನ್ನಡಿಗರು "ಓ, ನೀವೂ ಕತೆ ಬರೀತೀರಾ?" ಅಂತಾರೆ. ಬರೆಯೋದಿಲ್ಲ, ಹೇಳ್ತೀನಿ. ಅದು ಇನ್ನೂ ಅಪಾಯ ಅನ್ನೋದು ನನ್ನ ಹೆಂಡತಿಯ ಅನುಭವ.

ಊರಿಂದ ಅಮ್ಮ ಬಂದಿದ್ದಳು. "ಶುಕ್ರವಾರ ಸೂರ್ ದಾರಿ. ಕಡಲು, ಕಣಿವೆ, ಚರಿತ್ರೆ, ಎಲ್ಲ ಒಂದೇ ದಿನಕ್ಕೆ. ಬೆಳಗಿನ ಐದಕ್ಕೆ ಬಿಡ್ತೀವಿ" ಎಂದು ಘೋಷಿಸಿದೆ. ಐದಕ್ಕೆ ಎಲ್ಲರೂ ಎದ್ದರು, ನನ್ನೊಬ್ಬನ ಹೊರತು. ಎಂಟಕ್ಕೆ ಹೊರಟಾಗ ಸ್ಟೀರಿಂಗ್ ಹೆಂಡತಿಯ ಕೈಲಿ, ಪುಳಿಯೋಗರೆ ಡಬ್ಬಿ ಅಮ್ಮನ ತೊಡೆ ಮೇಲೆ. ಬಾಯಿ ಮಾತ್ರ ನನ್ನದು.

ನೂರಿಪ್ಪತ್ತು ಚಿಲ್ಲರೆ ಕಿಲೋಮೀಟರ್ ಆದಮೇಲೆ ಬಿಮ್ಮಾ. ಸುಣ್ಣಕಲ್ಲು ಒಳಗೊಳಗೇ ಕರಗಿ ನೆಲ ಕುಸಿದಾದ ಹೊಂಡ, ತಳದಲ್ಲಿ ಹಸಿರು-ನೀಲಿ ನೀರು. ನಕ್ಷತ್ರ ಬಿದ್ದು ಆದದ್ದು ಅನ್ನೋದು ಅಲ್ಲಿಯವರ ಕತೆ. ನಾನು ಎರಡನ್ನೂ ಹೇಳಿ ಮುಗಿಸೋಷ್ಟರಲ್ಲಿ ಅಮ್ಮ ಗೋಡೆ ಮೇಲಿಂದ ಬಗ್ಗಿ ನೋಡಿ, "ಎಷ್ಟಡಿಗೆ ಬಿತ್ತಪ್ಪಾ ನೀರು?" ಅಂದಳು.

"ಬೋರಲ್ಲಮ್ಮ, ತಾನೇ ಬಂದದ್ದು."

"ಸುಮ್ನಿರು. ತಾನಾಗೇ ಬರೋ ನೀರು ಕಣ್ಣಾಗೆ ಮಾತ್ರ."

ಮೆಟ್ಟಿಲಿಳಿದೆವು. ಮಗಳು ದುಡುಮ್ಮನೆ ಹಾರಿದಳು. ನಾನು ಎಡಗಾಲೊಂದನ್ನು ಇಳಿಬಿಟ್ಟು ಕೂತೆ. ಕೆರೆ ತುಂಬಿದಾಗ ಈಜು ಕಲಿಸ್ತೀನಿ ಅಂದಿದ್ದರು ನಮ್ಮಪ್ಪ. ಕೋಲಾರದ ಕೆರೆಗಳಿಗೆ ಬೆಂಗಳೂರಿನ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದದ್ದು 2018ರಲ್ಲಿ. ಆ ಹೊತ್ತಿಗೆ ನನಗೆ ಹೊಟ್ಟೆ ಬಂದಿತ್ತು.

ಇದ್ದಕ್ಕಿದ್ದಂತೆ ಕಾಲಿಗೆ ಕಚಗುಳಿ. ಬೆರಳುದ್ದವೂ ಇಲ್ಲದ ಮೀನುಗಳು ನನ್ನ ಒಡೆದ ಹಿಮ್ಮಡಿಗೆ ಬಾಯಿ ಹಾಕಿದ್ದವು. ಪಕ್ಕದಲ್ಲಿ ಕಾಲು ಬಿಟ್ಟವರಿಗೆ ಒಂದೋ ಎರಡೋ. ನನಗೆ ಮದುವೆಮನೆ ಪಂಕ್ತಿ! ಯಾರೋ ಫೋನ್ ತೆಗೆದು ವಿಡಿಯೋ ಬೇರೆ ಮಾಡಿಕೊಂಡರು.

"ಹತ್ತು ವರ್ಷದಿಂದ ಉಜ್ಜಿಕೊಳ್ಳಿ ಅಂತಿದೀನಿ" ಅಂದಳು ಹೆಂಡತಿ.

"ಮೀನಾದ್ರೂ ಉಜ್ಜಲಿ ಬಿಡಮ್ಮ" ಅಂದಳು ಅಮ್ಮ. ಅತ್ತೆ-ಸೊಸೆ ಒಂದಾದದ್ದನ್ನು ಮೊದಲ ಸಲ ಕಂಡೆ.

ಹೋದ ಮಾನ ಕಲ್ಹಾತಿನಲ್ಲಿ ವಸೂಲಾಗಬಹುದು ಅಂದುಕೊಂಡೆ. ಪಾಳು ಊರು, ಬೀಬಿ ಮರ್ಯಮ್ ಗೋರಿಯೊಂದು ಗುಮ್ಮಟ ಕಳಕೊಂಡು ನಿಂತಿದೆ. ಗಂಟಲು ಸರಿಮಾಡಿಕೊಂಡೆ: ಇಲ್ಲಿಂದ ಹಿಂದೂಸ್ತಾನಕ್ಕೆ ಹಡಗಿನಲ್ಲಿ ಕುದುರೆ ಹೋಗುತ್ತಿದ್ದವು, ಮಾರ್ಕೊ ಪೋಲೊ ಬರೆದಿದ್ದಾನೆ, ಇಬ್ನ್ ಬತೂತ ಬಂದಿದ್ದ, 1508ರಲ್ಲಿ ಪೋರ್ಚುಗೀಸರು ನುಗ್ಗಿದರು, ನಮ್ಮ ಕೆರೆಗೆ ನೀರು ಬಂದ ವರ್ಷವೇ ಯುನೆಸ್ಕೋ ಪಟ್ಟಿಗೂ ಸೇರಿತು...

"ಹಡಗಲ್ಲಿ ಕುದುರೆಗೆ ವಾಂತಿ ಬರಲ್ವಾ?" ಮಗಳು ಕೇಳಿದಳು. ಮಾರ್ಕೊ ಪೋಲೊ ಕೈಕೊಟ್ಟ.

ಮಾತು ತೇಲಿಸಲು, "ಇದನ್ನ ಗಂಡ ಹೆಂಡತಿಗೋಸ್ಕರ ಕಟ್ಟಿಸಿದ್ದಂತೆ" ಅಂದೆ. ಅನ್ನಬಾರದಿತ್ತು.

"ಅಡುಗೆಮನೆ ಶೆಲ್ಫಿಗೆ ಎರಡು ಮೊಳೆ ಹೊಡೀರಿ ಅಂದು ಎರಡು ವರ್ಷ ಆಯ್ತು" ಅಂದಳು.

ಬಿಸಿಲಲ್ಲಿ ನಿಂತೇ ಪುಳಿಯೋಗರೆ ಮುಗಿಸಿದೆವು. ಸೂರ್ ತಲುಪಲೇ ಇಲ್ಲ.

ರಾತ್ರಿ ಅಮ್ಮ ಊರಿಗೆ ಫೋನ್ ಹಚ್ಚಿದಳು. "ಒಂದು ಬಾವಿ ನೋಡಿದ್ವಿ ಕಣೇ, ಮೋಟರೇ ಇಲ್ಲ. ಮೀನು ನಮ್ಮುಡುಗನ ಕಾಲು ತೊಳೀತು. ಊಂ, ಒಂದೇ ಕಾಲು. ಬಲಗಾಲಿಗೆ ಮುಂದಿನ ಶುಕ್ರವಾರ ಹೋಗ್ತೀವಿ."