ಧಿಕ್ಕಾರಣ್ಣ

ಶ್ರವಣಬೆಳಗೊಳದ ಮಗ್ಗುಲಲ್ಲೇ ಇರುವ ಜಿನನಾಥಪುರಕ್ಕೆ ಬಂದವರು ಶಾಂತಿನಾಥ ಬಸದಿ ನೋಡಿ, ಫೋಟೋ ಹೊಡೆದುಕೊಂಡು ಹೊರಟುಬಿಡುತ್ತಾರೆ. ಧಿಕ್ಕಾರಣ್ಣನನ್ನು ಮಾತಾಡಿಸದೆ ಹೋದರೆ ಊರನ್ನು ಅರ್ಧ ನೋಡಿದ ಹಾಗೆ. ಹೆಗಲ ಮೇಲೆ ಹಸಿರು ಟವೆಲ್ಲು, ಜೇಬಲ್ಲಿ ಎರಡು ಪೆನ್ನು, ಕಂಕುಳಲ್ಲಿ ಕರಪತ್ರದ ಕಟ್ಟು. ಇಂಥವರು ಹಾಸನದಲ್ಲೂ ಇದ್ದಾರೆ, ಅರಕಲಗೂಡಿನಲ್ಲೂ ಇದ್ದಾರೆ, ಚನ್ನರಾಯಪಟ್ಟಣದಲ್ಲಂತೂ ಹೋಟೆಲಿಗೊಬ್ಬ. ಅಪ್ಪ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿರುತ್ತದೆ. ಊರಿನವರು ಇಟ್ಟದ್ದು ಧಿಕ್ಕಾರಣ್ಣ.

ಕ್ರಾಂತಿಕಾರಿ ಅಂದರೆ ಯಾರು ಅಂತ ಊರಲ್ಲಿ ಕೇಳಿ ನೋಡಿ, ಬಾಯಿಗೊಂದು ವ್ಯಾಖ್ಯಾನ. ಹೋಟೆಲಿನವನ ಪ್ರಕಾರ, ಅರ್ಧ ಕಾಫಿಗೆ ಪೂರ್ತಿ ಭಾಷಣ ಕೊಡುವವನು. ಸಂಪತ್ತಿನ ಸಮಾನ ಹಂಚಿಕೆ ಈ ದೇಶದಲ್ಲಿ ಜಾರಿಯಾಗಿರುವುದು ಬೈಟೂ ಕಾಫಿಯಲ್ಲಿ ಮಾತ್ರವಂತೆ. ಬಿಲ್ಲು ಇನ್ನೂ ಖಾಸಗಿ ವಲಯದಲ್ಲೇ ಉಳಿದಿದೆ, ಅಂದರೆ ಜೊತೆಗೆ ಕೂತವನ ಜೇಬಿನಲ್ಲಿ. ಚುನಾವಣೆ ಕಂಡ ಹಳೇ ಹುಲಿಯೊಬ್ಬರು ಇನ್ನೂ ಚುಟುಕಾಗಿ ಮುಗಿಸುತ್ತಾರೆ: ಟಿಕೆಟ್ ಸಿಗದವನು ಕ್ರಾಂತಿಕಾರಿ, ಸಿಕ್ಕಿ ಸೋತವನು ಚಿಂತಕ, ಗೆದ್ದವನು ಯಾವುದಾದರೂ ನಿಗಮದ ಅಧ್ಯಕ್ಷ. ಧಿಕ್ಕಾರಣ್ಣನ ಹೆಂಡತಿಯದು ಎಲ್ಲಕ್ಕಿಂತ ಖಾರ. “ಪ್ರಪಂಚದ ಹಸಿವಿನ ಮೇಲೆ ಮೂರು ಗಂಟೆ ಮಾತಾಡಿ ಬಂದು, ಸಾರಿಗೆ ಉಪ್ಪು ಕಮ್ಮಿ ಅನ್ನೋನು.”

ದೊಡ್ಡವರ ಮಾತೂ ಒಂದಿದೆ. ಕ್ರಾಂತಿಕಾರಿ ಅಂದರೆ ಎರಡೂ ಕಾಲನ್ನು ಗಾಳಿಯಲ್ಲಿ ಗಟ್ಟಿಯಾಗಿ ಊರಿದವನು ಅಂತ ಅಮೆರಿಕದ ಅಧ್ಯಕ್ಷ ರೂಸ್ವೆಲ್ಟ್ 1939ರಲ್ಲಿ ರೇಡಿಯೋದಲ್ಲಿ ಹೇಳಿದ್ದರು. ಪಾಪ, ಅವರು ನಮ್ಮ ಕಡೆ ಬಂದಿರಲಿಲ್ಲ. ನಮ್ಮವನದು ಒಂದು ಕಾಲು ಮಾತ್ರ ಗಾಳಿಯಲ್ಲಿ, ಇನ್ನೊಂದು ತೆಂಗಿನ ತೋಟದಲ್ಲಿ. ತೋಟ ತುಂಬ ಫಸಲಿದೆ.

ನಾನು ಗಮನಿಸಿದ ಪ್ರಕಾರ ಧಿಕ್ಕಾರಣ್ಣನ ಕ್ರಾಂತಿಗೆ ಒಂದು ಲೆಕ್ಕ ಇದೆ: ಊರಿಂದ ದೂರ ಹೋದಷ್ಟೂ ಉಗ್ರ. ಅಮೆರಿಕ ಸರ್ವನಾಶವಾಗಬೇಕು. ದೆಹಲಿಗೆ ಧಿಕ್ಕಾರ. ಬೆಂಗಳೂರಿಗೆ ಎಚ್ಚರಿಕೆ. ಹಾಸನಕ್ಕೆ ಮನವಿಪತ್ರ. ಚನ್ನರಾಯಪಟ್ಟಣದ ತಾಲ್ಲೂಕು ಕಚೇರಿಯ ವಿಷಯ ಬಂದರೆ, “ಅಲ್ಲಿ ನಮ್ಮ ಹುಡುಗ್ರೇ ಅವ್ರೆ, ಮಾತಾಡಾಣ ಬಿಡು.” ಗ್ರಾಮ ಪಂಚಾಯಿತಿಯ ವಿಷಯಕ್ಕೆ ಅವನು ಹೋಗುವುದೇ ಇಲ್ಲ. ಅಲ್ಲಿ ಅವನ ಬಾಮೈದ ಸದಸ್ಯ.

ಈ ಲೆಕ್ಕ ಒಂದೇ ಒಂದು ಸಲ ಕೆಟ್ಟಿತು. 1996ರ ಜನವರಿಯಲ್ಲಿ ಬೆಂಗಳೂರಿನ ಕೆಂಟಕಿ ಕೋಳಿ ಅಂಗಡಿಯ ಮೇಲೆ ರೈತ ಸಂಘದವರು ನುಗ್ಗಿದಾಗ ಧಿಕ್ಕಾರಣ್ಣ ಬಲು ಹುರುಪಿನಲ್ಲಿದ್ದ. ಆ ಕೋಳಿಯ ರುಚಿ ಕಂಡವನಲ್ಲ, ಆದರೂ ಹೋಟೆಲಿನ ಬೆಂಚಿನ ಮೇಲೆ ಕೂತು ಬಹುರಾಷ್ಟ್ರೀಯ ಕಂಪನಿಗಳ ಗರಿ ಗರಿ ಕಿತ್ತುಹಾಕಿದ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಹುಟ್ಟಿದ ದೇವೇಗೌಡರು ಅದೇ ವರ್ಷ ಜೂನ್ 1ಕ್ಕೆ ಪ್ರಧಾನಿಯಾದರು. ದೆಹಲಿ ಇದ್ದಕ್ಕಿದ್ದ ಹಾಗೆ ಪಕ್ಕದ ತಾಲ್ಲೂಕಿಗೆ ಬಂದುಬಿಟ್ಟಿತು! ಜಿಲ್ಲೆಯೆಲ್ಲ ಪಟಾಕಿ ಹೊಡೆಯುತ್ತಿದ್ದರೆ ಧಿಕ್ಕಾರಣ್ಣ ಕರಪತ್ರದ ಕಟ್ಟನ್ನು ಅಟ್ಟಕ್ಕೆ ಹಾಕಿ ಕೂತ. ಡೀಸೆಲ್ ಬೆಲೆ ಏರಿದರೂ ತುಟಿ ಬಿಚ್ಚಲಿಲ್ಲ. ಯಾರಾದರೂ ಕೆಣಕಿದರೆ, “ವ್ಯವಸ್ಥೇನ ಒಳಗಿಂದ್ಲೇ ಬದಲಾಯಿಸ್ಬೇಕು ಕಣಯ್ಯ” ಎಂದು ತಾಳ್ಮೆಯ ಪಾಠ ಹೇಳಿದ. 1997ರ ಏಪ್ರಿಲ್ 21ಕ್ಕೆ ಗುಜ್ರಾಲ್ ಪ್ರಮಾಣವಚನ ತೆಗೆದುಕೊಂಡರು. ದೆಹಲಿ ಮತ್ತೆ ದೂರವಾಯಿತು. ಕಟ್ಟು ಅಟ್ಟದಿಂದ ಇಳಿಯಿತು.

ಬಸದಿಗೆ ಬರುವ ಪ್ರವಾಸಿಗಳೆಂದರೆ ಅವನಿಗೆ ಪಂಚಪ್ರಾಣ. ಹೊಯ್ಸಳರ ಕಾಲದಲ್ಲಿ, 1200ರ ಆಸುಪಾಸಿನಲ್ಲಿ ದಂಡನಾಯಕ ರೇಚಣ ಕಟ್ಟಿಸಿದ್ದು ಎಂದು ಗೈಡು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಪ್ರಶ್ನೆ ತೂರಿಬರುತ್ತದೆ: “ರೇಚಣ ಕಲ್ಲು ಹೊತ್ತಿದ್ನೇನ್ರೀ?” ಕೇಳತಕ್ಕ ಪ್ರಶ್ನೆಯೇ. ಗೋಡೆಯ ಮೇಲೆ ಜಿನಬಿಂಬಗಳ ನಡುವೆ ಕುಣಿಯುವವರು, ಮದ್ದಳೆ ಬಾರಿಸುವವರು ಎಲ್ಲರೂ ಇದ್ದಾರೆ. ಅವರನ್ನು ಕೆತ್ತಿದವರಿಗೆ ಕೂಲಿ ಎಷ್ಟು ಸಿಕ್ಕಿತ್ತೋ ಯಾರು ಬಲ್ಲರು? ಹೊಯ್ಸಳ ಶಿಲ್ಪಿಗಳು ಎಷ್ಟೋ ಕಡೆ ತಮ್ಮ ಹೆಸರನ್ನೂ ಕೆತ್ತಿ ಹೋಗಿದ್ದಾರೆ ಎಂದು ನಾನೊಮ್ಮೆ ಹೇಳಿದೆ. “ಹೆಸರು ಕೆತ್ಕೊಂಡ್ರೆ ಹೊಟ್ಟೆ ತುಂಬ್ತದಾ?” ಅಂದ. ಅದೇ ತಿಂಗಳು ಅವನ ಮನೆಯ ಗಾರೆಯವನು ಬಾಕಿ ಕೂಲಿಗೆ ಅಲೆಯುತ್ತಿದ್ದ ಎಂಬುದು ಬೇರೆ ಮಾತು.

ಹಾಗಂತ ಪೂರಾ ಪೊಳ್ಳು ಎಂದುಕೊಳ್ಳಬೇಡಿ. 1974ರಲ್ಲಿ ಅರಸು ಸರ್ಕಾರ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ತಂದಾಗ ಇವನಿಗೆ ಮೀಸೆ ಚಿಗುರುವ ವಯಸ್ಸು. ಸುತ್ತಲ ಹಳ್ಳಿಗಳ ಗೇಣಿದಾರರಿಗೆ ಫಾರಂ ನಂಬರ್ ಏಳು ತುಂಬಿಕೊಟ್ಟವನು ಇವನೇ. ಲಾಟೀನು ಬೆಳಕಿನಲ್ಲಿ, ಒಂದು ಬೀಡಿ ಕೂಡ ಮುಟ್ಟದೆ. ಅವತ್ತು ಬರೆಸಿಕೊಂಡವರ ಮೊಮ್ಮಕ್ಕಳು ಇವತ್ತಿಗೂ ಎದುರಾದರೆ ಸೈಕಲ್ ಇಳಿಯುತ್ತಾರೆ. ಕೊನೆಗೆ ಅಪ್ಪನ ಗದ್ದೆ ಉಳುತ್ತಿದ್ದವನೇ ಒಂದು ರಾತ್ರಿ ಫಾರಂ ಹಿಡಿದು ಜಗಲಿಗೆ ಬಂದ. ಧಿಕ್ಕಾರಣ್ಣ ಪೆನ್ನಿಗೆ ಮುಚ್ಚಳ ಹಾಕಿ ಹೇಳಿದನಂತೆ: “ನಿಂದು ಗೇಣಿ ಅಲ್ಲ ಕಣಪ್ಪ, ವಾರ. ಅದು ಬೇರೆ ಲೆಕ್ಕ.”

ಮಹಾಮಸ್ತಕಾಭಿಷೇಕದ ವಿಷಯದಲ್ಲಂತೂ ಅವನ ನಿಲುವು ಖಚಿತ. ಹನ್ನೊಂದು ವರ್ಷ ದುಂದುವೆಚ್ಚ, ಹನ್ನೆರಡನೆಯ ವರ್ಷ ಸ್ವಯಂಸೇವಕನ ಬ್ಯಾಡ್ಜ್. 2018ರಲ್ಲಿ ತೋಟದ ಅಂಚನ್ನು ಪಾರ್ಕಿಂಗಿಗೂ ಬಿಟ್ಟಿದ್ದ. ಕಾರಿಗಿಷ್ಟು, ಬಸ್ಸಿಗಿಷ್ಟು.

ಈಗ ಬೇಲಿಯ ಕಥೆ. ಅವನ ತೋಟದ ಬೇಲಿ ಬಂಡಿಜಾಡಿನೊಳಕ್ಕೆ ಎರಡು ಅಡಿ ಸರಿದಿದೆ, ಟ್ರ್ಯಾಕ್ಟರ್ ತಿರುಗಿಸಲು ಆಗುತ್ತಿಲ್ಲ ಅಂತ 2003ರಲ್ಲಿ ಪಕ್ಕದವರು ದೂರು ಕೊಟ್ಟರು. ಸರ್ವೆಯವರು ಚೈನು ಹಿಡಿದು ಬಂದು ಅಳೆದರು. ಎರಡಲ್ಲ, ಎರಡೂವರೆ. ಧಿಕ್ಕಾರಣ್ಣ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಗರ್ಜಿಸಿದ: “ಮೊದ್ಲು ಅಮೆರಿಕ ಇರಾಕ್ ಬಿಟ್ಟು ಹೋಗ್ಲಿ. ಆಮೇಕೆ ನಾನು ಇದ್ನ ಬಿಡ್ತೀನಿ.” ಜನ ಚಪ್ಪಾಳೆ ಹೊಡೆದರು, ಸರ್ವೆಯವರು ಎಳನೀರು ಕುಡಿದು ಹೋದರು. 2011ರ ಡಿಸೆಂಬರಿನಲ್ಲಿ ಅಮೆರಿಕದ ಸೈನ್ಯ ಇರಾಕಿನಿಂದ ಹೊರಟಿತು. ಪಕ್ಕದವರು ಪೇಪರ್ ತಂದು ತೋರಿಸಿದರು. “ಅಫ್ಘಾನಿಸ್ತಾನ ಇನ್ನೂ ಅದಲ್ಲ” ಅಂದ. 2021ರ ಆಗಸ್ಟಿನಲ್ಲಿ ಅದೂ ಖಾಲಿಯಾಯಿತು. ಧಿಕ್ಕಾರಣ್ಣ ಕಳ್ಳಿ ಬೇಲಿ ಕೀಳಿಸಿ, ಅದೇ ಜಾಗಕ್ಕೆ ಕಲ್ಲುಕಂಬ ನೆಡಿಸಿ ಮುಳ್ಳುತಂತಿ ಎಳೆಸಿದ್ದಾನೆ.