ಮೂಲಭೂತ ಕರ್ತವ್ಯ: ಬಳಸುವ ಮುನ್ನ ಓದಿ

ಭಾರತದ ನಾಗರಿಕರಾದ ತಮಗೆ ಅಭಿನಂದನೆ. ಸಂವಿಧಾನದ ಜೊತೆಗೆ ಮೂಲಭೂತ ಕರ್ತವ್ಯಗಳ ಈ ಪೊಟ್ಟಣವನ್ನೂ ಕೊಡಲಾಗಿದೆ, ಬೇರೆ ದುಡ್ಡಿಲ್ಲ. ಕೈಗೆ ಸಿಗದಿದ್ದರೆ ನಾಲ್ಕನೇ ಭಾಗ ಮುಗಿದು ಐದನೆಯದು ಶುರುವಾಗುವ ಸಂದಿಯಲ್ಲಿ, 51ಎ ಎಂಬ ಚೀಟಿ ಅಂಟಿಸಿದ ಕಡೆ ನೋಡಿ. 1950ರ ಮಾದರಿಯಲ್ಲಿ ಇದು ಇರಲಿಲ್ಲ. ಅಜ್ಜ ಇಟ್ಟುಹೋದ ಹಳೇ ಪ್ರತಿಯಲ್ಲಿ ತಡಕಾಡಿ ಪ್ರಯೋಜನವಿಲ್ಲ.

ತಯಾರಿಕೆಯ ವಿವರ

ತಯಾರಾದ ವರ್ಷ 1976, ಬ್ಯಾಚ್ ಸಂಖ್ಯೆ 42ನೇ ತಿದ್ದುಪಡಿ. ಸ್ವರಣ್ ಸಿಂಗ್ ಸಮಿತಿ ಎಂಟು ಕರ್ತವ್ಯ ಸಾಕೆಂದಿತ್ತು, ಸಂಸತ್ತು ಧಾರಾಳವಾಗಿ ಹತ್ತು ಹಾಕಿತು. ಜಾರಿಗೆ ಬಂದದ್ದು 1977ರ ಜನವರಿ 3ರಂದು. ಆಗ ತುರ್ತು ಪರಿಸ್ಥಿತಿ. ಸಮಾನತೆ, ಜೀವ, ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು ಕೇಳಿಕೊಂಡು ಕೋರ್ಟಿಗೆ ಹೋಗುವ ಬಾಗಿಲು ಮುಚ್ಚಿತ್ತು. ಅದೇ ಸಂಸತ್ತಿನ ಸದಸ್ಯರಾದ ಅಡ್ವಾಣಿ, ಮಧು ದಂಡವತೆಯಂಥವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಹಾಕಲಾಗಿತ್ತು. ಅಂದರೆ ಹಕ್ಕುಗಳನ್ನು ಬೀರುವಿನಲ್ಲಿಟ್ಟು ಬೀಗ ಜಡಿದ ಮೇಲೆ, ಕೈ ಖಾಲಿಯಿದೆಯಲ್ಲ, ಇದನ್ನಾದರೂ ಹಿಡಿದುಕೊಳ್ಳಿ ಎಂದು ಕೊಟ್ಟ ಸಾಮಾನು ಇದು. 1977ರಲ್ಲಿ ಬಂದ ಹೊಸ ಸರಕಾರ ಆ ಬ್ಯಾಚಿನ ಬಹಳಷ್ಟು ಮಾಲನ್ನು 1978ರ 44ನೇ ತಿದ್ದುಪಡಿಯಲ್ಲಿ ವಾಪಸು ಮಾಡಿತು, ಇದನ್ನು ಇಟ್ಟುಕೊಂಡಿತು. ಕೆಟ್ಟ ಗಳಿಗೆಯಲ್ಲಿ ಹುಟ್ಟಿದರೂ ಕೂಸು ಲಕ್ಷಣವಾಗಿತ್ತು.

ಬಿಡಿಭಾಗಗಳು

ಬಾವುಟ, ರಾಷ್ಟ್ರಗೀತೆ, ದೇಶರಕ್ಷಣೆ ಮೊದಲಾದವು ಕಾರ್ಖಾನೆಯಲ್ಲೇ ಜೋಡಣೆಯಾಗಿ ಬಂದಿವೆ, ಆಗಸ್ಟ್ 15ರಂದು ತಾವಾಗಿಯೇ ಚಾಲೂ ಆಗುತ್ತವೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಓದುವ ಅವಕಾಶ ಕೊಡಿಸಬೇಕೆಂಬ ಹನ್ನೊಂದನೆಯದನ್ನು 2002ರಲ್ಲಿ ಸೇರಿಸಲಾಯಿತು. ತೆರಿಗೆ ಕಟ್ಟುವುದನ್ನೂ ಸೇರಿಸಿ ಎಂದು ಸಮಿತಿ ಹೇಳಿತ್ತು. ಪ್ಯಾಕಿಂಗ್ ಹೊತ್ತಿಗೆ ಅದು ಬಿದ್ದುಹೋಯಿತು. ಮತದಾನವೂ ಇಲ್ಲ. ಇವೆರಡಕ್ಕಾಗಿ ಡಬ್ಬಿ ಬೋರಲು ಹಾಕಬೇಡಿ.

ವೈಜ್ಞಾನಿಕ ಮನೋಭಾವ ಎಂಬುದು ನಾಜೂಕಿನ ಭಾಗ. ಆಯುಧಪೂಜೆಯ ದಿನ ಇದನ್ನು ಕಾರಿನ ಚಕ್ರದ ಹತ್ತಿರ ಇಡಬೇಡಿ, ನಿಂಬೆಹಣ್ಣಿನ ಜೊತೆಗೇ ಅಪ್ಪಚ್ಚಿಯಾಗುತ್ತದೆ. ಈ ಕರ್ತವ್ಯ ಜಾರಿಗೆ ಬರುವ ಮೊದಲೇ ಇದನ್ನು ಓಡಿಸಿ ತೋರಿಸಿದವರು ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಅವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದರು. ನಮ್ಮೆದುರಿಗೆ ಪವಾಡ ಮಾಡಿ ತೋರಿಸಿ ಎಂದು ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದರು. ಪವಾಡವೇನೂ ಬರಲಿಲ್ಲ, ಬೈಗುಳ ಸಾಕಷ್ಟು ಬಂತು. ಈ ಭಾಗವನ್ನು ಪೂರ್ತಿ ವೇಗದಲ್ಲಿ ಓಡಿಸಿದರೆ ಹೀಗೆ ಬಿಸಿಯಾಗುವುದು ಸಹಜ, ದೋಷವೆಂದು ತಿಳಿಯಬೇಡಿ.

ಜೀವಿಗಳ ಮೇಲೆ ದಯೆ ಎಂಬ ಸ್ಕ್ರೂ ಎರಡೂ ಕಡೆ ತಿರುಗುತ್ತದೆ. 2014ರಲ್ಲಿ ಸುಪ್ರೀಂ ಕೋರ್ಟು ಇದನ್ನೂ ಆಧಾರವಾಗಿಟ್ಟುಕೊಂಡು ಜಲ್ಲಿಕಟ್ಟು ನಿಲ್ಲಿಸಿತು, ಆ ಬಿಸಿ ನಮ್ಮ ಕರಾವಳಿಯ ಕಂಬಳಕ್ಕೂ ತಟ್ಟಿತು. ರಾಜ್ಯಗಳು ಕಾನೂನು ತಿದ್ದಿದವು. 2023ರಲ್ಲಿ ಅದೇ ಕೋರ್ಟು ತಿದ್ದಿದ್ದು ಸರಿಯಿದೆ ಎಂದಿತು. ಕಾಡು, ಕೆರೆ, ನದಿ ಕಾಪಾಡಿ ಎಂಬ ಸೂಚನೆಯೂ ಇದೇ ಸಾಲಿನಲ್ಲಿದೆ. ಬೆಂಗಳೂರಿನವರು ಇದನ್ನು ಓದಲು ಮೆಜೆಸ್ಟಿಕ್ ಬಸ್ ನಿಲ್ದಾಣ ಪ್ರಶಸ್ತ ಸ್ಥಳ. ಅದು ಧರ್ಮಾಂಬುಧಿ ಕೆರೆಯ ಅಂಗಳ.

ಎಚ್ಚರಿಕೆ

ಈ ಉಪಕರಣದ ಮೊನೆ ಹಿಡಿದವರ ಕಡೆಗೇ ಇರಬೇಕು. ಬಹುಪಾಲು ಗ್ರಾಹಕರು ತಿರುಗಿಸಿ ಹಿಡಿಯುತ್ತಾರೆ. ಅದರಲ್ಲೂ ವೇದಿಕೆ, ಮೈಕು, ಹಾರ ಮೂರೂ ಒಟ್ಟಿಗೆ ಸಿಕ್ಕವರು. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಸ್ವಾಮಿ ಎಂದವನಿಗೆ, "ಬರೀ ಹಕ್ಕು ಕೇಳ್ತೀರಲ್ರೀ, ಕರ್ತವ್ಯ ಮಾಡಿದ್ದೀರಾ?" ಎಂಬ ಉತ್ತರ ಸಿಕ್ಕರೆ ಉಪಕರಣ ತಲೆಕೆಳಗಾಗಿದೆ ಎಂದೇ ಅರ್ಥ. ಕರ್ತವ್ಯದ ರಸೀದಿ ತೋರಿಸಿದವರಿಗೆ ಮಾತ್ರ ಹಕ್ಕು ವಿತರಿಸುವ ಕೌಂಟರನ್ನು ಸಂವಿಧಾನ ಎಲ್ಲೂ ತೆರೆದಿಲ್ಲ. ಅಲ್ಲದೆ ಮಂತ್ರಿಗಳೂ ನಾಗರಿಕರೇ. ಅವರ ಪೊಟ್ಟಣದಲ್ಲೂ ಹನ್ನೊಂದು ಇವೆ, ಬಿಚ್ಚಿರುವುದಿಲ್ಲ ಅಷ್ಟೆ.

ಕೆಟ್ಟರೆ ಏನು ಮಾಡಬೇಕು?

ಪಾಲಿಸದಿದ್ದರೆ ದಂಡ ಹಾಕಿ ಎಂದೂ ಸ್ವರಣ್ ಸಿಂಗ್ ಸಮಿತಿ ಹೇಳಿತ್ತು, 51ಎಯೊಳಗೆ ಅದು ಬರಲಿಲ್ಲ. ಹಾಗಂತ ಬಾವುಟ ಸುಡಲು ಹೋಗಬೇಡಿ, 1971ರ ಕಾಯ್ದೆ ಕಾದಿದೆ. ಬಂದ್ ದಿನ ಸಿಟಿ ಬಸ್ಸಿಗೆ ಕಲ್ಲೆಸೆಯುವವರಿಗೆ 1984ರದು. ಸೌಹಾರ್ದ ಕೆಟ್ಟಿದ್ದರೆ ಅದರ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ, ಓಣಿಯಲ್ಲೇ ಹುಡುಕಿಕೊಳ್ಳಬೇಕು.

ಸದ್ದು ಬರುತ್ತಿಲ್ಲ ಎಂಬ ದೂರು ಹೆಚ್ಚು. 1985ರಲ್ಲಿ ಕೇರಳದ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಯ ಹೊತ್ತಿಗೆ ಎಲ್ಲರಂತೆ ಎದ್ದು ನಿಂತರು, ತಮ್ಮ ಧರ್ಮದ ನಂಬಿಕೆಯ ಕಾರಣಕ್ಕೆ ಹಾಡಲಿಲ್ಲ. ಶಾಲೆ ಅವರನ್ನು ಹೊರಗೆ ಹಾಕಿತು. ಮರುವರ್ಷ ಸುಪ್ರೀಂ ಕೋರ್ಟು 51ಎಯನ್ನೂ ಓದಿ ನೋಡಿ, ಹಾಡಲೇಬೇಕೆಂಬ ಕಾನೂನಿಲ್ಲ, ನಿಂತದ್ದರಲ್ಲೇ ಗೌರವವಿದೆ ಎಂದು ಹೇಳಿ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಲು ಆದೇಶಿಸಿತು. ಆದ್ದರಿಂದ ಸದ್ದಿಲ್ಲವೆಂದು ಪಕ್ಕದವರ ಬೆನ್ನಿಗೆ ಗುದ್ದಬೇಡಿ. ಅದು ಅವರ ಯಂತ್ರ, ಚಾಲೂ ಇದೆ.