ಬೆರಳು ಕೊಟ್ಟ ರಾಜ, ಶಾಯಿ ಹಚ್ಚಿಸಿಕೊಂಡ ಪ್ರಜೆ

ಐರ್ಲೆಂಡಿನ ಹಳೆಯ ಕಥೆಗಳಲ್ಲಿ ನುವಾಡ ಎಂಬ ರಾಜನಿದ್ದಾನೆ. ಯುದ್ಧವನ್ನೇನೋ ಗೆದ್ದ, ಆದರೆ ಕಾಳಗದಲ್ಲಿ ಒಂದು ಕೈ ತುಂಡಾಯಿತು. ಗೆದ್ದು ಬಂದವನಿಗೆ ಹಾರ ಹಾಕಿ, ಹಲಗೆ ಬಾರಿಸಿ, ಜೆಸಿಬಿಯಿಂದ ಹೂವು ಸುರಿಯುವುದು ಬಿಟ್ಟು ಆ ಜನ ಅವನನ್ನು ಸಿಂಹಾಸನದಿಂದಲೇ ಇಳಿಸಿಬಿಟ್ಟರು. ಅಂಗ ಊನವಾದವನು ಆಳುವಂತಿಲ್ಲ ಎಂಬುದು ಅವರ ಕಟ್ಟಳೆ. ಕಟ್ಟಳೆ ಕ್ರೂರವಾದದ್ದು, ಇವತ್ತು ಯಾರೂ ಒಪ್ಪುವಂಥದ್ದಲ್ಲ. ಅದರ ಹಿಂದಿದ್ದ ಲೆಕ್ಕ ಮಾತ್ರ ಸರಳ: ರಾಜನ ಮೈ ಎಂದರೆ ನಾಡಿನ ಮೈ, ಅಲ್ಲಿ ಗಾಯವಾದರೆ ಇಲ್ಲಿ ಬೆಳೆ ಒಣಗುತ್ತದೆ.

ಅವನ ಜಾಗಕ್ಕೆ ಬ್ರೆಸ್ ಬಂದ. ನೋಡಲು ಬಲು ಚೆಲುವ. ಬ್ಯಾನರಿಗೆ ಹೇಳಿ ಮಾಡಿಸಿದ ಮುಖ. ಆದರೆ ಜಿಪುಣ. ಅವನ ಅರಮನೆಗೆ ಹೋಗಿ ಬಂದವರ ಚಾಕುವಿಗೆ ಜಿಡ್ಡು ಹತ್ತುತ್ತಿರಲಿಲ್ಲ, ಬಾಯಲ್ಲಿ ಮದ್ಯದ ವಾಸನೆ ಇರುತ್ತಿರಲಿಲ್ಲ ಎಂದು ಕಥೆ ಹೇಳುತ್ತದೆ. ಒಮ್ಮೆ ಕಾರ್ಬ್ರೆ ಎಂಬ ಕವಿ ಅತಿಥಿಯಾಗಿ ಬಂದ. ಅವನನ್ನು ಬೆಂಕಿಯಿಲ್ಲದ, ಹಾಸಿಗೆಯಿಲ್ಲದ ಕತ್ತಲೆ ಗುಡಿಸಲಿಗೆ ತಳ್ಳಿ ಮೂರು ಒಣ ರೊಟ್ಟಿ ಕೊಟ್ಟರು. ಒಣ ರೊಟ್ಟಿ ಕೊಡುವುದು ನಮ್ಮ ಕಲಬುರಗಿ ಕಡೆ ಅವಮಾನವಲ್ಲ, ಜೊತೆಗೆ ಶೇಂಗಾ ಹಿಂಡಿ, ಮೊಸರು ಇಡದಿರುವುದು ಅವಮಾನ. ಕಾರ್ಬ್ರೆ ಬೆಳಿಗ್ಗೆ ಎದ್ದವನೇ ರಾಜನ ಮೇಲೊಂದು ವ್ಯಂಗ್ಯ ಪದ್ಯ ಕಟ್ಟಿದ. ಐರ್ಲೆಂಡಿನಲ್ಲಿ ಹುಟ್ಟಿದ ಮೊದಲ ವ್ಯಂಗ್ಯ ಅದೇ ಎಂದು ಹೇಳುತ್ತಾರೆ. ಅಂದಿನಿಂದ ಬ್ರೆಸ್‌ನ ಏಳಿಗೆ ಮುಗಿಯಿತು, ಪಟ್ಟವೂ ಹೋಯಿತು. ವೈದ್ಯ ಕೂರಿಸಿದ ಬೆಳ್ಳಿಯ ಕೈ ತೊಟ್ಟು ನುವಾಡ ಮತ್ತೆ ಗದ್ದುಗೆ ಏರಿದ.

ಇದನ್ನು ಓದಿ ನಮ್ಮಂಥ ಅಂಕಣಕಾರರು ಹೊಟ್ಟೆಕಿಚ್ಚು ಪಡದಿದ್ದರೆ ಇನ್ಯಾರು ಪಡಬೇಕು? ಅಲ್ಲಿ ಒಂದು ಪದ್ಯಕ್ಕೆ ರಾಜ ಇಳಿದ. ಇಲ್ಲಿ ಒಂದು ಅಂಕಣಕ್ಕೆ ಇಳಿಯುವವನು ಸಂಪಾದಕ.

ಮೂರನೆಯವನು ಕಾರ್ಮಕ್, ಐರ್ಲೆಂಡಿನ ತಾರಾ ಗುಡ್ಡದಿಂದ ಆಳಿದ ಮಹಾರಾಜರಲ್ಲಿ ಎಲ್ಲರಿಗಿಂತ ಹೆಸರಾದವನು. ಅವನಿಗೂ ಮೊದಲು ಅಲ್ಲಿ ಆಳುತ್ತಿದ್ದವನ ಮುಂದೆ ಒಂದು ದಾವೆ ಬಂತು. ಯಾರದೋ ಕುರಿಗಳು ರಾಣಿಯ ಹೊಲಕ್ಕೆ ನುಗ್ಗಿ ಬಣ್ಣದ ಗಿಡ ಮೇಯ್ದಿದ್ದವು. ಕುರಿಗಳೆಲ್ಲ ಜಪ್ತಿ ಎಂದು ರಾಜ ತೀರ್ಪು ಕೊಟ್ಟ. ಹುಡುಗ ಕಾರ್ಮಕ್ ಎದ್ದು ನಿಂತು, ಗಿಡ ಮತ್ತೆ ಚಿಗುರುತ್ತದೆ, ಉಣ್ಣೆಯೂ ಮತ್ತೆ ಬೆಳೆಯುತ್ತದೆ, ಒಂದು ಕಟಾವಿಗೆ ಒಂದು ಕಟಾವು ಸಾಕು ಎಂದ. ಸುಳ್ಳು ತೀರ್ಪು ಬಿದ್ದ ಆ ಮನೆಯ ಒಂದು ಮಗ್ಗುಲು ಅಲ್ಲಿಯೇ ಕುಸಿದು ಗುಡ್ಡದಿಂದ ಜಾರಿತಂತೆ. ಮುಂದೆ ಕಾರ್ಮಕ್ ಆಳಿದ ಕಾಲದಲ್ಲಿ ಮಳೆ ಬೆಳೆ ಎಲ್ಲ ಸುಭಿಕ್ಷ. ಕೊನೆಗೆ ಈಟಿಯ ತಿವಿತಕ್ಕೆ ಕಣ್ಣು ಹೋಯಿತು ಎಂದು ಅವನೂ ಪಟ್ಟ ಬಿಟ್ಟ.

ಸುಳ್ಳು ಹೇಳಿದರೆ ಗೋಡೆ ಬೀಳುವ ತಂತ್ರಜ್ಞಾನ ನಮ್ಮ ಲೋಕೋಪಯೋಗಿ ಇಲಾಖೆಗೆ ಇನ್ನೂ ದಕ್ಕಿಲ್ಲ. ನಮ್ಮಲ್ಲಿ ಗೋಡೆ ಬೀಳಲು ತೀರ್ಪು ಬೇಕಿಲ್ಲ, ಟೆಂಡರ್ ಸಾಕು.

ಇತಿಹಾಸಕಾರರನ್ನು ಕೇಳಿದರೆ ಇದೆಲ್ಲ ಮಠಗಳ ಬರಹಗಾರರು ನೇಯ್ದ ಕಥೆ, ಅಷ್ಟು ಹಿಂದಿನ ಕಾಲದಲ್ಲಿ ಐರ್ಲೆಂಡನ್ನು ಇಡಿಯಾಗಿ ಆಳಿದ ಮಹಾರಾಜ ಯಾರೂ ಇರಲಿಲ್ಲ ಎನ್ನುತ್ತಾರೆ. ಇರಲಿ, ನಾವೇನೂ ಅವರಿಗೆ ಕಡಿಮೆಯಿಲ್ಲ. 1347ರಲ್ಲಿ ಪಟ್ಟಕ್ಕೆ ಬಂದು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಅಲಾವುದ್ದೀನ್ ಹಸನ್, ತನ್ನ ಮೂಲವನ್ನು ಇರಾನಿನ ಪುರಾಣದ ಬಹ್ಮನ್ ರಾಜನವರೆಗೆ ಒಯ್ದ. ಇತ್ತ ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಪೂರ್ವಜರು 59 ಜನ ಅಯೋಧ್ಯೆಯಲ್ಲಿ ಆಳಿ ಆಮೇಲೆ ದಕ್ಷಿಣಕ್ಕೆ ಬಂದವರು. ರಾಷ್ಟ್ರಕೂಟರು ಯದುವಂಶಕ್ಕೇ ಗಂಟು ಹಾಕಿಕೊಂಡರು. ಯಾರನ್ನೂ ದೂರುವಂತಿಲ್ಲ. ಅಂದಿನವರು ವಂಶಾವಳಿಯನ್ನು ಹಿಂದಕ್ಕೆ ಬರೆಸುತ್ತಿದ್ದರು, ಇಂದಿನವರು ಮುಂದಕ್ಕೆ ಬರೆಸುತ್ತಾರೆ: ಮಗ, ಸೊಸೆ, ಅಳಿಯ, ಮೊಮ್ಮಗ.

ಈ ರಾಷ್ಟ್ರಕೂಟರ ಬಾಗಿಲಿಗೆ ಹೋಗಲು ಕಲಬುರಗಿಯವರು ತಾರಾ ಗುಡ್ಡದವರೆಗೆ ಹೋಗಬೇಕಿಲ್ಲ, ಸೇಡಂ ರಸ್ತೆ ಹಿಡಿದರೆ ಸಾಕು. ವೈದ್ಯಕೀಯ ಕಾಲೇಜು, ಇಎಸ್‌ಐ ಆಸ್ಪತ್ರೆ, ಜ್ಞಾನಗಂಗೆಯ ವಿಶ್ವವಿದ್ಯಾಲಯ ಎಲ್ಲ ಇದೇ ದಾರಿಯಲ್ಲಿವೆ. ಊರು ದಾಟಿದರೆ ಎರಡೂ ಕಡೆ ತೊಗರಿ ಹೊಲ, ಮುಂದೆ ಸಿಮೆಂಟ್ ಲಾರಿ, ಹಿಂದೆ ಸಿಮೆಂಟ್ ಲಾರಿ. ಆಮೇಲೆ ಕಾಗಿಣಾ ನದಿ, ದಂಡೆಯ ಮೇಲೆ ಮಳಖೇಡ, ಅಂದರೆ ಮಾನ್ಯಖೇಟ. ಕ್ರಿ.ಶ. 814ರಿಂದ ಸುಮಾರು 64 ವರ್ಷ ಆಳಿದ ಅಮೋಘವರ್ಷ ನೃಪತುಂಗನ ರಾಜಧಾನಿ. ಸುಲೈಮಾನ್ ಎಂಬ ಅರಬ್ ವರ್ತಕನ ಹೆಸರಿನಲ್ಲಿರುವ 851ರ ಬರಹ ಜಗತ್ತಿನ ನಾಲ್ಕು ದೊಡ್ಡ ದೊರೆಗಳನ್ನು ಎಣಿಸುವಾಗ ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೋಮಿನ ಚಕ್ರವರ್ತಿಯ ಸಾಲಿನಲ್ಲಿ ಇಲ್ಲಿಯ ದೊರೆಯನ್ನೂ ಕೂರಿಸುತ್ತದೆ. ಬಾಗ್ದಾದಿಗೂ ಗೊತ್ತಿದ್ದ ಊರು ಇದು. ಈಗ ಬಸ್ ಕಂಡಕ್ಟರಿಗೆ ಗೊತ್ತು, ಅಷ್ಟು ಸಾಕು.

ಈ ಅಮೋಘವರ್ಷನ ಮೈಗೂ ಒಂದು ಕಥೆ ಅಂಟಿಕೊಂಡಿದೆ. ಗುಜರಾತಿನ ಸಂಜಾನಿನಲ್ಲಿ ಸಿಕ್ಕ, 871ರ ಅವನ ತಾಮ್ರಪಟ ಅದನ್ನು ಹೇಳುತ್ತದೆ. ಲೋಕಕ್ಕೆ ವಿಪತ್ತು ಬಂತು. ಬರವೋ ಬೇನೆಯೋ ಪಟ ಬಿಡಿಸಿ ಹೇಳುವುದಿಲ್ಲ. ರಾಜ ತನ್ನ ಎಡಗೈ ಬೆರಳನ್ನೇ ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದ. ಹಕ್ಕಿಗಾಗಿ ಮೈಕೊಟ್ಟ ಶಿಬಿ, ಬೆನ್ನೆಲುಬು ಕೊಟ್ಟ ದಧೀಚಿ ಇವರನ್ನೆಲ್ಲ ನೆನೆದು ಶಾಸನಕವಿ ನಮ್ಮ ರಾಜನನ್ನು ಆ ಪಂಕ್ತಿಯಲ್ಲಿ ನಿಲ್ಲಿಸುತ್ತಾನೆ.

ಒಂದು ವಿಷಯ ಮರೆಯಬಾರದು. ಈ ತಾಮ್ರಪಟ ಮೂಲತಃ ಒಂದು ಹಳ್ಳಿಯನ್ನು ಬ್ರಾಹ್ಮಣರಿಗೆ ದಾನ ಕೊಟ್ಟ ಕಾಗದ. ಇವತ್ತಿನ ಲೆಕ್ಕದಲ್ಲಿ ಹಕ್ಕುಪತ್ರ. ಹಕ್ಕುಪತ್ರದ ಮೇಲೆ ದೊರೆಯ ಹೊಗಳಿಕೆ ಇರಲೇಬೇಕು ಎಂಬ ಪದ್ಧತಿ 1,150 ವರ್ಷ ಹಳೆಯದು ಎಂದಾಯಿತು. ಅಕ್ಕಿ ಚೀಲದ ಮೇಲೆ, ಶಾಲೆಯ ಸೈಕಲ್ಲಿನ ಮೇಲೆ, ಆಂಬುಲೆನ್ಸಿನ ಬೆನ್ನ ಮೇಲೆ ನಗುವ ಮುಖಗಳನ್ನು ಕಂಡು ಸಿಡಿಮಿಡಿಗೊಳ್ಳುವವರು ಪರಂಪರೆ ತಿಳಿಯದವರು. ವ್ಯತ್ಯಾಸ ಇಷ್ಟೇ: ಆ ಪಟದಲ್ಲಿ ರಾಜ ಏನು ಕಳೆದುಕೊಂಡ ಎಂಬುದು ಬರೆದಿದೆ, ಈ ಚೀಲದ ಮೇಲೆ ಏನು ಕೊಟ್ಟ ಎಂಬುದು. ಕೊಟ್ಟದ್ದು ಯಾರ ದುಡ್ಡು ಎಂಬುದು ಎರಡರಲ್ಲೂ ಇಲ್ಲ.

ನುವಾಡನ ಕೈ ಹೋಯಿತು, ಪಟ್ಟವೂ ಹೋಯಿತು. ಅಮೋಘವರ್ಷ ಬೆರಳು ಕೊಟ್ಟ, ಕೀರ್ತಿ ಏರಿತು. ಒಂದಕ್ಕೊಂದು ಉಲ್ಟಾ ಕಂಡರೂ ಎರಡೂ ನಾಡಿನ ಕರಾರು ಒಂದೇ. ನಾಡಿಗೆ ಕೇಡು ಬಂದರೆ ಜಾಮೀನು ರಾಜನ ಸ್ವಂತ ಮೈ. ನಡೆದದ್ದು ನಿಜವೋ ಕವಿಯ ಉತ್ಪ್ರೇಕ್ಷೆಯೋ, ಅದು ಬೇರೆ ಮಾತು. ಕಟ್ಟುಕಥೆಯೇ ಆದರೂ ಜನ ತಮ್ಮ ರಾಜನಿಂದ ಏನು ಬಯಸಿದರು ಎಂಬುದಕ್ಕೆ ಅದು ಸಾಕ್ಷಿ. ನಾವು ಮಾಡಿದ್ದೇನು? ಕಥೆಯಲ್ಲಿದ್ದ ಹೊಗಳಿಕೆ ಇಟ್ಟುಕೊಂಡು ಕರಾರಿನ ಪುಟ ಹರಿದು ಹಾಕಿದೆವು.

ಹರಿದ ಪುಟ ಎಲ್ಲಿಗೆ ಹೋಯಿತು ಎಂದು ಹುಡುಕುವುದು ಬೇಡ, ನಿಮ್ಮ ಎಡಗೈ ನೋಡಿಕೊಳ್ಳಿ. ಐದು ವರ್ಷಕ್ಕೊಮ್ಮೆ ಅದರ ತೋರುಬೆರಳಿಗೆ ಒಂದು ಗೆರೆ ಎಳೆಯುತ್ತಾರಲ್ಲ, ಆ ಶಾಯಿ ತಯಾರಾಗುವುದು ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಕಟ್ಟಿಸಿದ ಕಾರ್ಖಾನೆಯಲ್ಲಿ. 1962ರ ಚುನಾವಣೆಯಿಂದ ದೇಶದ ಬೆರಳುಗಳಿಗೆಲ್ಲ ಅದೇ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್, ಬೆಳ್ಳಿಯ ಲವಣ. ನುವಾಡನಿಗೆ ಬೆಳ್ಳಿಯ ಕೈ ಸಿಕ್ಕಿತು, ನಮಗೆ ಬೆಳ್ಳಿಯ ಕಲೆ. ರಾಜನ ಬೆರಳಿನಿಂದ ಹೊರಟ ಹೊಣೆ ಪ್ರಜೆಯ ಬೆರಳಿಗೆ ಬಂದು ಕುಳಿತ ಬಗೆ ಇದು. ಇದನ್ನೇ ಅಧಿಕಾರ ವಿಕೇಂದ್ರೀಕರಣ ಎನ್ನುತ್ತಾರೆ.

2022-23ರಲ್ಲಿ ಸೇಡಂ ರಸ್ತೆಯ ಆಜೂಬಾಜೂ ತೊಗರಿಗೆ ನೆಟೆ ರೋಗ ಬಿತ್ತು. ಹೂವು ಕಾಯಿ ಹೊತ್ತ ಗಿಡ ನಿಂತಲ್ಲೇ ಒಣಗಿತು. ಭೌಗೋಳಿಕ ಸೂಚಕದ ಮುದ್ರೆ ಪಡೆದ ತೊಗರಿ, ಮುದ್ರೆ ನೋಡಿ ರೋಗ ಹಿಂದೆ ಸರಿಯಲಿಲ್ಲ. ಕಾರ್ಮಕ್‌ನ ನಾಡಿನಲ್ಲಾಗಿದ್ದರೆ ಬೆಳೆ ಒಣಗಿತೆಂದರೆ ಮೊದಲು ಸಿಂಹಾಸನದ ಕಡೆ ನೋಡುತ್ತಿದ್ದರು. ನಮ್ಮಲ್ಲಿ ಹಾಗಾದಾಗಲೆಲ್ಲ ಬೆರಳುಗಳು ಓಡಾಡುತ್ತವೆ. ರಾಜ್ಯದ ಬೆರಳು ಕೇಂದ್ರದ ಕಡೆ, ಕೇಂದ್ರದ ಬೆರಳು ರಾಜ್ಯದ ಕಡೆ, ಇಲಾಖೆಯ ಬೆರಳು ಹವಾಮಾನದ ಕಡೆ, ವಿಮೆಯವರ ಬೆರಳು ಕರಾರಿನ ಸಣ್ಣಕ್ಷರದ ಕಡೆ. ಇಷ್ಟು ಬೆರಳು ಚಾಚಿದರೂ ಒಂದಾದರೂ ಕಡಿಮೆಯಾಗುವುದಿಲ್ಲ. ಮಹಾಲಕ್ಷ್ಮಿ ಪಾಪ, ಬಂದ ದಾರಿಗೆ ಸುಂಕವಿಲ್ಲ ಎಂದು ಹೋಗಬೇಕು.

ಮಳೆ ಜೋರಾದ ವರ್ಷ ಮಳಖೇಡದ ಸೇತುವೆಯ ಬಳಿ ನಿಂತು ನೋಡಬೇಕು. ಕಾಗಿಣಾ ಉಕ್ಕಿ ಸೇತುವೆ ಮುಳುಗಿದರೆ ಕಲಬುರಗಿ ಆ ದಡ, ಸೇಡಂ ಈ ದಡ. ಜಯತೀರ್ಥರ ವೃಂದಾವನವಿರುವ ಉತ್ತರಾದಿ ಮಠದ ಅಂಗಳಕ್ಕೂ ನೀರು. ಪೊಲೀಸರು ಅಡ್ಡ ಹಾಕಿದ ಬ್ಯಾರಿಕೇಡಿನ ಈಚೆ ಲಾರಿಗಳ ಸಾಲು, ಬಸ್ಸಿನಿಂದ ಇಳಿದು ನಿಂತ ಜನ, ಟವೆಲ್ಲು ತಲೆಗೆ ಸುತ್ತಿಕೊಂಡ ಕಾಕಾಗಳು, ಸೀರೆಯ ಸೆರಗಿನಡಿ ದವಾಖಾನೆಯ ಚೀಟಿ ಬಚ್ಚಿಟ್ಟುಕೊಂಡ ಅವ್ವಂದಿರು. ಮಾತು ಹೀಗೆ ಸಾಗುತ್ತದೆ:

‘ಏನ್ರೀ ಕಾಕಾ, ಇಲ್ಲೇ ರಾಜಧಾನಿ ಇತ್ತಂತಲ್ರೀ?’

‘ಇತ್ತಂತಪ್ಪಾ. ನಮ್ಮ ಅಪ್ಪನ ಕಾಲಕ್ಕೇ ಬರೇ ಕ್ವಾಟಿ ಗ್ವಾಡಿ ಉಳಿದಿತ್ತು.’

‘ರಾಜಾ ಜನರ ಸಲುವಾಗಿ ಬೆರಳ ಕಡ್ಕೊಂಡ ಅಂತ ಸಾಲ್ಯಾಗ ಹೇಳ್ಯಾರ್ರಿ.’

‘ಇದ್ದೀತು. ಈಗಿನವ್ರು ಬೆರಳ ಕೊಡೂದು ಬ್ಯಾಡಪ್ಪಾ, ಬ್ರಿಜ್ಜಿಗಿ ಒಂದ್ ಮಾರ ಎತ್ತರ ಕೊಟ್ರ ಸಾಕು.’

ಇದಕ್ಕಿಂತ ಚೊಕ್ಕ ರಾಜನೀತಿ ಯಾವ ತಾಮ್ರಪಟದಲ್ಲೂ ಇಲ್ಲ.

ಹಾಗೆಂದು ನಾವು ನೃಪತುಂಗನನ್ನು ಮರೆತಿದ್ದೇವೆ ಎಂದರೆ ನಾಲಿಗೆಗೆ ಹುಳ ಬಿದ್ದೀತು. ಅವನ ಹೆಸರಿನ ರಸ್ತೆ ಬೆಂಗಳೂರಿನಲ್ಲಿದೆ, ರಿಸರ್ವ್ ಬ್ಯಾಂಕೂ ಪೊಲೀಸ್ ಪ್ರಧಾನ ಕಚೇರಿಯೂ ಅಲ್ಲೇ ಇವೆ. ಹಣ ಮತ್ತು ದಂಡ ಎರಡನ್ನೂ ಹೆಸರಿನ ಕೆಳಗಿಟ್ಟು ರಾಜಮರ್ಯಾದೆ ಮಾಡಿದ್ದೇವೆ. ಬೆಂಗಳೂರಿನ ಸಿಟಿ ಬಸ್ಸಿನವರು ಸಾಹಿತಿಗಳಿಗೆ ಕೊಡುವ ಪ್ರಶಸ್ತಿಗೂ ಅವನದೇ ಹೆಸರು. ನವೆಂಬರ್ ಒಂದು ಬಂತೆಂದರೆ ವೇದಿಕೆ ಏರಿದವರೆಲ್ಲ ಕಾವೇರಿಯಿಂದ ಗೋದಾವರಿಯವರೆಗೆ ಎನ್ನುತ್ತಾರೆ. ನಡುವೆ ಕಾಗಿಣಾ ಎಂಬ ಹೊಳೆ ಇದೆ ಎಂಬುದು ಅದು ಸೇತುವೆ ನುಂಗಿದ ದಿನ ನೆನಪಾಗುತ್ತದೆ.

ಆ ಗಡಿಯನ್ನು ಹೇಳಿದ ‘ಕವಿರಾಜಮಾರ್ಗ’ವನ್ನಾದರೂ ನೃಪತುಂಗ ಬರೆದನೇ? ಬರೆದವನು ಆಸ್ಥಾನದ ಶ್ರೀವಿಜಯ, ರಾಜನದು ಅನುಮತಿ ಎಂದು ವಿದ್ವಾಂಸರು ಬಹುಕಾಲ ವಾದ ಮಾಡಿ ಈಗ ಹೆಚ್ಚುಕಡಿಮೆ ಒಪ್ಪಿದ್ದಾರೆ. ಭಾಷಣ ಬರೆದವನೊಬ್ಬ, ಚಪ್ಪಾಳೆ ತೆಗೆದುಕೊಂಡವನೊಬ್ಬ. ಶ್ರೀವಿಜಯನ ಹೆಸರಿನ ರಸ್ತೆ ಕೇಳಿದರೆ ಆಟೋದವರು ತಲೆ ಕೆರೆದುಕೊಳ್ಳುತ್ತಾರೆ.

ಐರಿಷರನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶವೂ ಇಲ್ಲ. ತಾರಾ ಗುಡ್ಡದಲ್ಲಿ ಲೀಯಾ ಫಾಲ್ ಎಂಬ ಕಲ್ಲಿದೆ. ನಿಜವಾದ ರಾಜ ಕಾಲಿಟ್ಟರೆ ಕಿರುಚುತ್ತಿತ್ತಂತೆ. ಅಂಥ ಕಲ್ಲನ್ನು 2012ರಲ್ಲಿ ಯಾರೋ ಸುತ್ತಿಗೆಯಿಂದ ಚಚ್ಚಿದರು, 2014ರಲ್ಲಿ ಬಣ್ಣ ಸುರಿದರು. ನಾವು ಸ್ಮಾರಕದ ಮೇಲೆ ಪ್ರೇಯಸಿಯ ಹೆಸರು ಕೆತ್ತುತ್ತೇವೆ, ಅವರು ಬಣ್ಣ ಬಳಿಯುತ್ತಾರೆ. ಕಲ್ಲಿಗೆ ಬರ ನಮ್ಮಲ್ಲಂತೂ ಇಲ್ಲ, ಪಕ್ಕದಲ್ಲೇ ಶಹಾಬಾದಿದೆ. ಪ್ರಮಾಣವಚನದ ವೇದಿಕೆಗೆ ಅಂಥದೊಂದು ಪರಸಿ ಹಾಸಬಹುದಿತ್ತು. ಅರ್ಹ ಕಾಲು ಬಿದ್ದಾಗ ಕಿರುಚುವ ಕಲ್ಲು ನಮ್ಮಲ್ಲಿ ಪೂರ್ತಿ ಮೌನವ್ರತ ಹಿಡಿದೀತು, ಅಷ್ಟೇ ಭಯ.

ಅಮೋಘವರ್ಷನ ಬಗ್ಗೆ ಇನ್ನೊಂದು ಮಾತಿದೆ. ಅವನ ಹೆಸರಿನಲ್ಲಿರುವ ‘ಪ್ರಶ್ನೋತ್ತರ ರತ್ನಮಾಲಿಕೆ’, ವಿವೇಕ ಮೂಡಿ ರಾಜ್ಯ ಬಿಟ್ಟವನು ಬರೆದದ್ದು ಇದು ಎಂದು ಹೇಳಿಕೊಳ್ಳುತ್ತದೆ. ಬೆರಳು ಕೊಟ್ಟದ್ದನ್ನು ಬೇಕಾದರೆ ನಂಬುತ್ತೇನೆ, ಕುರ್ಚಿಯನ್ನು ತಾನಾಗಿ ಬಿಟ್ಟ ಎಂಬುದನ್ನು ನಂಬಲು ನಮ್ಮ ಕಾಲದ ಓದುಗನಿಗೆ ಬಹಳ ಭಕ್ತಿ ಬೇಕು.

ಈಗಿನ ಕಾಲಕ್ಕೆ ಯಾರೂ ಕೈ ಕಳೆದುಕೊಳ್ಳುವುದು ಬೇಡ, ಬೆರಳೂ ಇರಲಿ, ಉಂಗುರ ತೊಡಲು ಬೇಕಾಗುತ್ತದೆ. ನನ್ನದು ಸಣ್ಣ ಸೂಚನೆ. ನಾಮಪತ್ರದ ಜೊತೆ ಅಭ್ಯರ್ಥಿಗಳು ಪ್ರಮಾಣಪತ್ರ ಸಲ್ಲಿಸುತ್ತಾರಲ್ಲ, ಅದರಲ್ಲಿ ಚರಾಸ್ತಿ, ಸ್ಥಿರಾಸ್ತಿ, ಸಾಲ, ಮೇಲಿರುವ ಮೊಕದ್ದಮೆ ಎಲ್ಲಕ್ಕೂ ಜಾಗವಿದೆ. ಕೊನೆಯಲ್ಲಿ ಇನ್ನೊಂದು ಕಲಂ ಸೇರಿಸಲಿ: ‘ಅಧಿಕಾರದಲ್ಲಿದ್ದಾಗ ಜನರ ಸಲುವಾಗಿ ಸ್ವಂತದ್ದೇನು ಕಳೆದುಕೊಂಡಿರಿ?’ ತುಂಬುವುದು ಕಷ್ಟವೇನಲ್ಲ. ಎಲ್ಲ ಪಕ್ಷದವರೂ ಒಮ್ಮತದಿಂದ ‘ಅನ್ವಯಿಸುವುದಿಲ್ಲ’ ಎಂದು ಬರೆದು ಸಹಿ ಹಾಕುತ್ತಾರೆ, ಕೆಳಗೆ ನೋಟರಿ ಠಸ್ಸೆ ಒತ್ತುತ್ತಾನೆ.